ದರ್ಶನವೆಂದರೇನು? – ತತ್ತ್ವವಿಚಾರದ ಪೂರ್ವ ಪಶ್ಚಿಮ ಪರಂಪರೆಗಳು ಮತ್ತು ಕನ್ನಡ ನಾಡು

ಬಸದಿಯಿಂದ ಮರಳಿದವರನ್ನು ‘ದರ್ಶನವಾಯಿತೆ?’ ಎಂದು ಕೇಳುವುದು ಶ್ರಾವಕರ ಮನೆಗಳಲ್ಲಿ ನಿತ್ಯದ ಮಾತು. ಅಲ್ಲಿ ದರ್ಶನವೆಂದರೆ ಜಿನಬಿಂಬವನ್ನು ಕಣ್ಣಾರೆ ಕಾಣುವುದು. ರತ್ನತ್ರಯದ ಮೊದಲನೆಯದಾದ ಸಮ್ಯಗ್ದರ್ಶನದಲ್ಲಿ ಅದೇ ಪದಕ್ಕೆ ತತ್ತ್ವಾರ್ಥಗಳಲ್ಲಿ ಶ್ರದ್ಧೆಯೆಂಬ ಅರ್ಥವಿದೆ. ಕರ್ಮಸಿದ್ಧಾಂತದಲ್ಲಿ ದರ್ಶನಾವರಣೀಯವೆಂದಾಗ ವಸ್ತುವಿನ ವಿಶೇಷಗಳು ತಿಳಿಯುವುದಕ್ಕೆ ಮುನ್ನ ಆಗುವ ಸಾಮಾನ್ಯ ಬೋಧೆಯೆಂದು ಅರ್ಥ. ಇನ್ನು ಸಾಂಖ್ಯದರ್ಶನ, ಬೌದ್ಧದರ್ಶನ, ಜೈನದರ್ಶನ ಎಂದು ವಿದ್ವಾಂಸರು ಹೇಳುವಾಗ ಜಗತ್ತು, ಜೀವ, ಜ್ಞಾನ, ಮುಕ್ತಿ ಇವುಗಳ ಬಗೆಗೆ ಕ್ರಮಬದ್ಧವಾಗಿ ವಿಚಾರಮಾಡಿ ನಿಲ್ಲಿಸಿದ ಶಾಸ್ತ್ರವೆಂದು ಗ್ರಹಿಸಬೇಕಾಗುತ್ತದೆ. ಕಾಣುವುದು, ನಂಬುವುದು, ತಿಳಿಯುವುದು, ವಿಚಾರಿಸುವುದು ಇವೆಲ್ಲವನ್ನೂ ಒಂದೇ ಪದದಲ್ಲಿ ಅಡಕಮಾಡಿದ ನಮ್ಮ ಪೂರ್ವಿಕರು ಇವುಗಳಲ್ಲಿ ಯಾವುದೂ ಮತ್ತೊಂದನ್ನು ಬಿಟ್ಟು ಬಾಳಲಾರದೆಂದು ಭಾವಿಸಿದ್ದರೇನೋ.

ಗ್ರೀಕರು ಇದೇ ಶಾಸ್ತ್ರಕ್ಕೆ ‘ಫಿಲಾಸಫಿ’ ಎಂದರು. ಜ್ಞಾನಪ್ರೇಮವೆಂದು ಅದರ ಶಬ್ದಾರ್ಥ. ತನ್ನನ್ನು ಜ್ಞಾನಿಯೆಂದು ಕರೆಯಬೇಡಿರಿ, ಜ್ಞಾನವನ್ನು ಪ್ರೀತಿಸುವವನೆಂದರೆ ಸಾಕು ಎಂದು ಪೈಥಾಗೊರಸನು ವಿನಯದಿಂದ ಹೇಳಿದನೆಂದು ಐತಿಹ್ಯವಿದೆ. ಪಶ್ಚಿಮದವರು ಜ್ಞಾನವನ್ನು ಅರಸಿದರು, ಪೂರ್ವದವರು ಕಂಡರು ಎಂದು ಈ ಎರಡು ಪದಗಳ ಆಧಾರದ ಮೇಲೆ ಭಾಷಣಮಾಡುವವರುಂಟು. ಪದಗಳ ವ್ಯುತ್ಪತ್ತಿಯಿಂದ ಎರಡು ಭೂಖಂಡಗಳ ಬುದ್ಧಿಯನ್ನು ಅಳೆಯುವುದು ಯುಕ್ತವಲ್ಲ. ಇಲ್ಲಿಯೂ ಅರಸಿದವರಿದ್ದರು, ಅಲ್ಲಿಯೂ ಕಂಡವರಿದ್ದರು.

ಈ ಶಾಸ್ತ್ರದ ಪ್ರಶ್ನೆಗಳು ಎಷ್ಟು ಹತ್ತಿರದವೆಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬಿಡದಿಗೆ ಸಮೀಪದ ಬೈರಮಂಗಲದಲ್ಲಿ ವೃಷಭಾವತಿ ನದಿಗೆ ಅಡ್ಡಲಾಗಿ 1940ರ ದಶಕದಲ್ಲಿ ಕಟ್ಟಿದ ದೊಡ್ಡ ಕೆರೆಯೊಂದಿದೆ. ಬೆಂಗಳೂರಿನಲ್ಲಿ ಹುಟ್ಟಿ, ಈ ಕೆರೆಯನ್ನು ತುಂಬಿ, ಮುಂದೆ ಅರ್ಕಾವತಿಯನ್ನು ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಯ ಪಾಲಾಗುವ ನದಿಯಿದು. ಕೆರೆ ಕಟ್ಟಿದ ಕಾಲದ ತಿಳಿನೀರು ಈಗ ಅಲ್ಲಿಲ್ಲ; ಹಲವು ದಶಕಗಳಿಂದ ಮಹಾನಗರದ ಕೊಳಚೆಯೂ ಕಾರ್ಖಾನೆಗಳ ತ್ಯಾಜ್ಯವೂ ಅದರಲ್ಲಿ ಬೆರೆತು ಬರುತ್ತಿವೆ. ಅದೇ ನೀರಿನಿಂದ ಗದ್ದೆ ತೋಟಗಳು ಹಸುರಾಗಿವೆ, ದನಗಳಿಗೆ ಮೇವು ಬೆಳೆಯುತ್ತದೆ.

ಏರಿಯ ಮೇಲೆ ನಿಂತವನಿಗೆ ಮೊದಲು ಹೊಳೆಯುವ ಪ್ರಶ್ನೆ: ಇದು ಅದೇ ನೀರೇ? ವಸ್ತು ಬದಲಾದ ಮೇಲೂ ಅದೇ ವಸ್ತುವಾಗಿ ಉಳಿಯುವುದೆ? ಇದನ್ನು ವಿಚಾರಿಸುವ ಶಾಖೆಗೆ ತತ್ತ್ವಮೀಮಾಂಸೆಯೆಂದು ಹೆಸರು. ನೊರೆಯನ್ನು ಕಂಡು ನೀರು ಕೆಟ್ಟಿದೆಯೆನ್ನುವುದು ಅನುಮಾನ. ಪ್ರಯೋಗಶಾಲೆಯ ವರದಿಯನ್ನು ನಂಬುವುದು ಆಪ್ತವಾಕ್ಯ. ಮೂಗಿಗೆ ಬಂದ ವಾಸನೆ ಪ್ರತ್ಯಕ್ಷ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಬೆಲೆಯೆಂದು ತೂಗಿ ನೋಡುವುದು ಪ್ರಮಾಣಶಾಸ್ತ್ರ ಅಥವಾ ಜ್ಞಾನಮೀಮಾಂಸೆ. ಮಾತಿನಿಂದ ಮಾತಿಗೆ ದೋಷವಿಲ್ಲದೆ ನಡೆಯುವ ಕ್ರಮವನ್ನು ತರ್ಕಶಾಸ್ತ್ರ ಕಲಿಸುತ್ತದೆ. ವೃಷಭಾವತಿಯೆಂಬ ಹೆಸರನ್ನು ಕೇಳಿದೊಡನೆ ಇದು ವೃಷಭದೇವನ ಹೆಸರಿನ ನದಿ, ಆದುದರಿಂದ ಇಲ್ಲಿ ಪುರಾತನ ಜೈನಕ್ಷೇತ್ರವಿದ್ದಿರಬೇಕು ಎಂದು ಯಾರಾದರೂ ಸಾಧಿಸಹೊರಟರೆ ತರ್ಕಶಾಸ್ತ್ರಜ್ಞನು ಅದನ್ನು ಹೇತ್ವಾಭಾಸವೆನ್ನುತ್ತಾನೆ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿದುದರಿಂದ ನದಿಗೆ ಆ ಹೆಸರು ಬಂದಿತೆಂಬುದು ಜನರ ನಂಬಿಕೆ. ಸ್ವಧರ್ಮಾಭಿಮಾನ ಒಳ್ಳೆಯದೇ, ಅದು ಹೇತುವಿನ ಸ್ಥಾನದಲ್ಲಿ ಕುಳಿತುಕೊಳ್ಳಬಾರದು. ಇನ್ನು ಈ ನೀರನ್ನು ಕೆಡಿಸಿದವರ ಹೊಣೆಯೇನು, ಬೇರೆ ನೀರಿಲ್ಲದೆ ಅದನ್ನೇ ಹಾಯಿಸುವ ರೈತನ ಹೊಣೆಯೇನು ಎಂಬುದು ನೀತಿಶಾಸ್ತ್ರದ ಪ್ರಶ್ನೆ. ಸೌಂದರ್ಯವೆಂದರೇನೆಂದು ಕೇಳುವ ಸೌಂದರ್ಯಮೀಮಾಂಸೆಯೂ ಒಂದು ಶಾಖೆಯೇ. ಅದರ ವಿಚಾರ ಇಲ್ಲಿ ಬೇಡ.

ಪಶ್ಚಿಮದ ತತ್ತ್ವಶಾಸ್ತ್ರ ನೀರಿನ ಮಾತಿನಿಂದಲೇ ಆರಂಭವಾಯಿತೆಂಬುದು ಸ್ವಾರಸ್ಯಕರವಾದ ಸಂಗತಿ. ಕ್ರಿ. ಪೂ. ಆರನೆಯ ಶತಮಾನದಲ್ಲಿ ಮಿಲೇಟಸ್ ನಗರದ ಥೇಲೀಸನು ಸಮಸ್ತ ವಸ್ತುಗಳ ಮೂಲ ನೀರು ಎಂದನು. ಉತ್ತರ ತಪ್ಪಾಗಿದ್ದರೂ, ದೇವತೆಗಳ ಕಥೆಯನ್ನು ಹೇಳದೆ ಜಗತ್ತಿನ ಮೂಲದ್ರವ್ಯವನ್ನು ಕೇಳಿದ ಅವನ ಪ್ರಶ್ನೆ ಉಳಿಯಿತು. ಅವನ ಬಳಿಕ ಬಂದ ಹೆರಾಕ್ಲೀಟಸನು ಎಲ್ಲವೂ ಹರಿಯುತ್ತಿದೆ, ಒಂದೇ ನದಿಯಲ್ಲಿ ಎರಡು ಸಲ ಇಳಿಯಲಾಗದು ಎಂಬ ಮತಕ್ಕೆ ಪ್ರಸಿದ್ಧನಾದನು. ಪಾರ್ಮೆನಿಡೀಸನು ಇದಕ್ಕೆ ತೀರ ವಿರುದ್ಧವಾಗಿ, ಸತ್ತೆಯುಳ್ಳದ್ದು ಬದಲಾಗುವುದೇ ಇಲ್ಲ, ಬದಲಾವಣೆ ತೋರಿಕೆ ಮಾತ್ರ ಎಂದು ವಾದಿಸಿದನು. ಈ ಇಬ್ಬರ ಜಗಳವನ್ನು ನಮ್ಮ ನಾಡಿನ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕ್ಷಣಿಕವಾದಿಗಳಾದ ಬೌದ್ಧರಿಗೂ ಕೂಟಸ್ಥ ನಿತ್ಯವಾದ ಬ್ರಹ್ಮವನ್ನು ಹೇಳಿದ ವೇದಾಂತಿಗಳಿಗೂ ನಡೆದ ವಾದ ಇದೇ ಜಾತಿಯದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ಸತ್ತಿನ ಲಕ್ಷಣದಲ್ಲಿ ಉತ್ಪಾದ, ವ್ಯಯ, ಧ್ರೌವ್ಯ ಮೂರನ್ನೂ ಸೇರಿಸಿತು. ಬೈರಮಂಗಲದ ನೀರು ದ್ರವ್ಯದೃಷ್ಟಿಯಿಂದ ಅದೇ ಪುದ್ಗಲ, ಪರ್ಯಾಯದೃಷ್ಟಿಯಿಂದ ಪ್ರತಿಕ್ಷಣವೂ ಬೇರೆ. ಎರಡನ್ನೂ ಹೇಳದೆ ಬಿಟ್ಟರೆ ಆ ಕೆರೆಯ ವಿಷಯವಾಗಿ ಹೇಳಿದ ಮಾತು ಅಪೂರ್ಣವಾಗುತ್ತದೆ.

ಗ್ರೀಕರಲ್ಲಿ ತತ್ತ್ವವಿಚಾರವನ್ನು ಬೀದಿಗೆ ತಂದವನು ಸಾಕ್ರಟೀಸ್. ನ್ಯಾಯವೆಂದರೇನು, ಧೈರ್ಯವೆಂದರೇನು ಎಂದು ಕಂಡಕಂಡವರನ್ನು ಪ್ರಶ್ನಿಸಿ ಅವರ ಅಜ್ಞಾನವನ್ನು ಅವರಿಗೇ ತೋರಿಸಿದ ತಪ್ಪಿಗೆ ಕ್ರಿ. ಪೂ. 399ರಲ್ಲಿ ಅಥೆನ್ಸ್ ನಗರದವರು ಅವನಿಗೆ ವಿಷ ಕುಡಿಸಿದರು. ಅವನ ಶಿಷ್ಯ ಪ್ಲೇಟೊ, ಪ್ಲೇಟೊವಿನ ಶಿಷ್ಯ ಅರಿಸ್ಟಾಟಲ್. ಶಾಸ್ತ್ರಗಳನ್ನು ಶಾಖೆಗಳಾಗಿ ವಿಂಗಡಿಸಿ ಒಂದೊಂದಕ್ಕೂ ಪ್ರತ್ಯೇಕ ಗ್ರಂಥ ರಚಿಸಿದ ಕೀರ್ತಿ ಅರಿಸ್ಟಾಟಲನದು. ಅವನ ತತ್ತ್ವಮೀಮಾಂಸೆಗೆ ‘ಮೆಟಫಿಸಿಕ್ಸ್’ ಎಂದು ಹೆಸರಾದುದು, ಗ್ರಂಥಗಳನ್ನು ಜೋಡಿಸುವಾಗ ಅದನ್ನು ಭೌತಶಾಸ್ತ್ರದ ನಂತರ ಇಟ್ಟುದರಿಂದ ಎನ್ನುತ್ತಾರೆ. ಮಧ್ಯಯುಗದಲ್ಲಿ ಯೂರೋಪಿನ ತತ್ತ್ವಶಾಸ್ತ್ರ ಕ್ರೈಸ್ತಮತದ ಸೇವಕಿಯಾಗಿತ್ತು. ಡೇಕಾರ್ಟ್ (1596–1650) ಸಂದೇಹಿಸಬಹುದಾದುದನ್ನೆಲ್ಲ ಸಂದೇಹಿಸಿ, ಸಂದೇಹಿಸುವ ತಾನೊಬ್ಬನು ಇರುವುದನ್ನು ಮಾತ್ರ ಸಂದೇಹಿಸಲಾಗದೆಂದು ಕಂಡು, ಅಲ್ಲಿಂದ ಹೊಸ ಕಟ್ಟಡವನ್ನು ಎಬ್ಬಿಸಿದನು. ಇಂದ್ರಿಯಾನುಭವವೇ ಜ್ಞಾನಕ್ಕೆ ಮೂಲವೆಂದ ಲಾಕ್ ಮತ್ತು ಹ್ಯೂಮರು ಒಂದು ಕಡೆ; ಬುದ್ಧಿಯೇ ಮೂಲವೆಂದವರು ಇನ್ನೊಂದು ಕಡೆ. 1781ರಲ್ಲಿ ಕಾಂಟನು ತನ್ನ ಮಹಾಗ್ರಂಥವನ್ನು ಪ್ರಕಟಿಸಿ, ವಸ್ತು ನಮಗೆ ತೋರುವ ಬಗೆಯನ್ನು ಮಾತ್ರ ನಾವು ಬಲ್ಲೆವು, ವಸ್ತು ತನ್ನಲ್ಲಿ ತಾನು ಏನೆಂಬುದನ್ನು ಅಲ್ಲ, ಎಂದು ತೀರ್ಪಿತ್ತನು. ಕೇವಲಜ್ಞಾನವನ್ನು ಒಪ್ಪುವ ಜೈನದರ್ಶನ ಈ ತೀರ್ಪನ್ನು ಒಪ್ಪಲಾರದು. ಛದ್ಮಸ್ಥನ ಜ್ಞಾನದ ಮಟ್ಟಿಗೆ ಕಾಂಟನ ಎಚ್ಚರಿಕೆ ಅದಕ್ಕೆ ಅಪರಿಚಿತವೂ ಅಲ್ಲ.

ಭಾರತದಲ್ಲಿ ದರ್ಶನಗಳು ಹೀಗೆ ಶಾಖೆ ಶಾಖೆಯಾಗಿ ಬೇರ್ಪಡಲಿಲ್ಲ. ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳನ್ನು ತೆರೆದು ನೋಡಿದರೆ ಮೊದಲನೆಯದರಲ್ಲಿ ಜ್ಞಾನದ ಬಗೆಗಳು, ಮುಂದಿನವುಗಳಲ್ಲಿ ಜೀವ ಮತ್ತು ಲೋಕ, ಐದನೆಯದರಲ್ಲಿ ಅಜೀವ ದ್ರವ್ಯಗಳು, ಆರರಿಂದ ಒಂಬತ್ತರವರೆಗೆ ಆಸ್ರವ, ವ್ರತ, ಬಂಧ, ಸಂವರ, ನಿರ್ಜರೆಗಳು, ಹತ್ತನೆಯದರಲ್ಲಿ ಮೋಕ್ಷ. ಪಶ್ಚಿಮದವರು ಮೂರು ನಾಲ್ಕು ಶಾಖೆಗಳಿಗೆ ಹಂಚಿದ ವಿಷಯವೆಲ್ಲ ಇಲ್ಲಿ ಒಂದೇ ದಾರಿಯ ಮಜಲುಗಳಾಗಿವೆ. ಜ್ಞಾನಮೀಮಾಂಸೆಯಲ್ಲಿ ಮಾಡಿದ ತಪ್ಪು ಮೋಕ್ಷಮಾರ್ಗದ ತಪ್ಪೂ ಆಗುತ್ತದೆ ಎಂಬ ಭಾವನೆ ಇದರ ಹಿಂದಿದೆ.

ನೀತಿಯ ವಿಷಯದಲ್ಲಿಯೂ ಹಾಗೆಯೇ. ಬೈರಮಂಗಲದಿಂದ ಅನತಿದೂರದ ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾಖಂಡದಲ್ಲಿಯೇ ದೊಡ್ಡದೆಂದು ಹೆಸರಾದುದು. ಗೂಡಿನೊಳಗಿನ ಹುಳು ಬದುಕಿದ್ದರೆ ಗೂಡನ್ನು ಸೀಳಿಕೊಂಡು ಹೊರಬರುತ್ತದೆ, ನೂಲು ತುಂಡಾಗುತ್ತದೆ; ಆದುದರಿಂದ ಅದನ್ನು ಶಾಖದಿಂದ ಕೊಂದ ಬಳಿಕವೇ ನೂಲು ತೆಗೆಯಬೇಕು. ಈ ಸೀಮೆಯ ಸಾವಿರಾರು ಕುಟುಂಬಗಳ ಅನ್ನ ಅದರಲ್ಲಿದೆ. ಬೆಂಥಮ್ ಮತ್ತು ಮಿಲ್ಲರ ಉಪಯುಕ್ತತಾವಾದಿಯಾದರೆ ಒಟ್ಟು ಸುಖವೆಷ್ಟು ದುಃಖವೆಷ್ಟೆಂದು ಲೆಕ್ಕ ಹಾಕುವನು. ಬೆಂಥಮನು ಪ್ರಾಣಿಗಳ ನೋವನ್ನೂ ಆ ಲೆಕ್ಕಕ್ಕೆ ಸೇರಿಸಬೇಕೆಂದವನು. ಕಾಂಟನ ಅನುಯಾಯಿ ಸಂಕಲ್ಪದ ಶುದ್ಧಿಯನ್ನು ಕೇಳುವನು. ಅವನ ನೀತಿಯಲ್ಲಿ ನೇರವಾದ ಕರ್ತವ್ಯ ಮನುಷ್ಯರಿಗೆ ಮಾತ್ರ. ಜೈನಾಚಾರ್ಯರು ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಗೃಹಸ್ಥನು ಸಂಕಲ್ಪೀ ಹಿಂಸೆಯನ್ನು ಸಂಪೂರ್ಣವಾಗಿ ಬಿಡಬೇಕೆಂದೂ ಉಳಿದವುಗಳಲ್ಲಿ ಯತ್ನಾಚಾರದಿಂದ ಇರಬೇಕೆಂದೂ ಹೇಳಿದರು. ಕೃಷಿಯಲ್ಲಿ ಸಾಯುವ ಜೀವಿ ಉದ್ಯೋಗೀ ಹಿಂಸೆಗೆ ಸೇರಿತು. ತಿಳಿದೇ ಬೇಯಿಸುವ ಗೂಡಿನ ಹುಳು ಯಾವ ವರ್ಗಕ್ಕೆ ಸೇರಬೇಕು? ಮಡಿಯೆಂದು ರೇಷ್ಮೆಯುಟ್ಟು ಅಭಿಷೇಕಕ್ಕೆ ನಿಲ್ಲುವವನ ಪಾಲೆಷ್ಟು? ಮುನಿಗಳು ಈ ಪ್ರಶ್ನೆಯನ್ನೆತ್ತಿ ರೇಷ್ಮೆಯನ್ನು ಬಿಡುವಂತೆ ಬೋಧಿಸಿದ್ದಾರೆ. ಸಮಾಜದಲ್ಲಿ ಕೆಲವರು ಬಿಟ್ಟಿದ್ದಾರೆ, ಹಲವರು ಬಿಟ್ಟಿಲ್ಲ. ಶಾಸ್ತ್ರವನ್ನು ಕಪಾಟಿನಲ್ಲಿಟ್ಟು ಪೂಜಿಸುವವನಿಗೆ ಈ ಪ್ರಶ್ನೆ ಏಳುವುದೇ ಇಲ್ಲ.

‘ದರ್ಶನ’ವೆಂಬ ಪದವನ್ನು ವಿಚಾರಪದ್ಧತಿಗಳ ಹೆಸರಾಗಿ ಬಳಸಿದ ಮುಖ್ಯ ಗ್ರಂಥಗಳಲ್ಲೊಂದು ಎಂಟನೆಯ ಶತಮಾನದ ಜೈನಾಚಾರ್ಯ ಹರಿಭದ್ರಸೂರಿಗಳ ಷಡ್ದರ್ಶನಸಮುಚ್ಚಯ. ಬೌದ್ಧ, ನೈಯಾಯಿಕ, ಸಾಂಖ್ಯ, ಜೈನ, ವೈಶೇಷಿಕ, ಜೈಮಿನೀಯ ಮತಗಳನ್ನು ನಿಂದೆಯಿಲ್ಲದೆ ಸಂಗ್ರಹಿಸಿ, ಕಡೆಯಲ್ಲಿ ಚಾರ್ವಾಕರಿಗೂ ಅವರು ಎಡೆಮಾಡಿಕೊಟ್ಟರು. ಪರಮತವನ್ನು ಅದರವರೇ ಒಪ್ಪುವಂತೆ ನಿರೂಪಿಸಿ, ಅನಂತರವೇ ಅದನ್ನು ಪರೀಕ್ಷಿಸಬೇಕೆಂಬುದು ನಮ್ಮ ದೇಶದ ವಾದಪದ್ಧತಿ. ಅದಕ್ಕೆ ಪೂರ್ವಪಕ್ಷವೆಂದು ಹೆಸರು. ಪೂರ್ವಪಕ್ಷವನ್ನು ದುರ್ಬಲಗೊಳಿಸಿ ಗೆದ್ದವನ ಗೆಲುವನ್ನು ವಿದ್ವತ್ಸಭೆ ಮನ್ನಿಸುತ್ತಿರಲಿಲ್ಲ.

ಪರರನ್ನು ಪರೀಕ್ಷಿಸುವುದು ಸುಲಭ, ತನ್ನ ಆರಾಧ್ಯನನ್ನೇ ಪರೀಕ್ಷೆಗೆ ಒಡ್ಡುವುದು ಕಷ್ಟ. ಸಮಂತಭದ್ರಸ್ವಾಮಿಗಳು ಆಪ್ತಮೀಮಾಂಸೆಯಲ್ಲಿ ಮಾಡಿದುದು ಇದನ್ನೇ. ದೇವತೆಗಳು ಬಂದು ಸೇವಿಸಿದರು, ಆಕಾಶಗಮನವಿತ್ತು, ಚಾಮರಾದಿ ವೈಭವಗಳಿದ್ದುವು ಎಂಬ ಕಾರಣಕ್ಕೆ ಜಿನನು ಪೂಜ್ಯನಲ್ಲ, ಅಂಥವು ಮಾಯಾವಿಗಳಲ್ಲಿಯೂ ಕಾಣುತ್ತವೆ ಎಂದು ಆರಂಭಿಸಿ, ಯುಕ್ತಿಗೂ ಶಾಸ್ತ್ರಕ್ಕೂ ವಿರೋಧವಿಲ್ಲದ ವಾಕ್ಯವುಳ್ಳವನೆಂಬುದರಿಂದಲೇ ಅವನು ಆಪ್ತನೆಂದು ಅವರು ಸಿದ್ಧಪಡಿಸುತ್ತಾರೆ. ಈ ಕಿರುಗ್ರಂಥದ ಮೇಲೆ ಅಕಲಂಕದೇವರು ಅಷ್ಟಶತಿಯನ್ನೂ, ವಿದ್ಯಾನಂದರು ಅಷ್ಟಸಹಸ್ರಿಯನ್ನೂ ಬರೆದರು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿರುವ ಕ್ರಿ. ಶ. 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಈ ವಾದಿಗಳ ಪರಂಪರೆಯನ್ನು ಓದಬಹುದು. ಸಮಂತಭದ್ರರು ಪಾಟಲಿಪುತ್ರ, ಮಾಳವ, ಸಿಂಧು, ಕಾಂಚಿ, ವಿದಿಶೆಗಳಲ್ಲಿ ವಾದಭೇರಿಯನ್ನು ಹೊಡೆದು ಕರಹಾಟಕಕ್ಕೆ ಬಂದರೆಂದು ಆ ಶಾಸನ ಹೇಳುತ್ತದೆ. ಸಲ್ಲೇಖನದಿಂದ ದೇಹಬಿಟ್ಟ ಮುನಿಯೊಬ್ಬರ ಸ್ಮಾರಕದಲ್ಲಿ ತಾರ್ಕಿಕರ ದಿಗ್ವಿಜಯವನ್ನು ಕೆತ್ತಿಸಿದುದು ಅಂದಿನ ಸಮಾಜ ಯಾವುದನ್ನು ಗೌರವಿಸುತ್ತಿತ್ತೆಂಬುದಕ್ಕೆ ಸಾಕ್ಷಿ.

ಆ ವಾದಗಳು ಶುಷ್ಕವಾಗಿದ್ದುವೆಂದು ತಿಳಿಯಬಾರದು. ಬೌದ್ಧ ತಾರ್ಕಿಕ ಧರ್ಮಕೀರ್ತಿ ಅನೇಕಾಂತವನ್ನು ಹಾಸ್ಯಮಾಡಿ, ಎಲ್ಲ ವಸ್ತುಗಳೂ ಎಲ್ಲ ರೂಪದವಾದರೆ ಮೊಸರನ್ನು ತಿನ್ನೆಂದಾಗ ಒಂಟೆಯನ್ನು ತಿನ್ನಲು ಏಕೆ ಓಡುವುದಿಲ್ಲ ಎಂದು ಕೇಳಿದನು. ಅಕಲಂಕದೇವರು ನ್ಯಾಯವಿನಿಶ್ಚಯದಲ್ಲಿ ಅದೇ ಧಾಟಿಯಲ್ಲಿ ಉತ್ತರಕೊಟ್ಟರು: ಸುಗತನು ಹಿಂದಿನ ಜನ್ಮದಲ್ಲಿ ಜಿಂಕೆಯಾಗಿದ್ದನೆಂದು ನೀವೇ ಹೇಳುತ್ತೀರಿ, ಆದರೂ ಜಿಂಕೆಯನ್ನು ತಿನ್ನುವವರು ಸುಗತನನ್ನು ಪೂಜಿಸುತ್ತಾರೆ. ಸಂತಾನ ಒಂದೇ ಆದರೂ ಅವಸ್ಥೆಯ ಭೇದದಿಂದ ವ್ಯವಹಾರ ಬೇರೆಯಾಗುವಂತೆ ಮೊಸರು ಒಂಟೆಗಳ ವಿಷಯದಲ್ಲಿಯೂ ಭೇದವುಂಟು. ನಗೆಗೆ ನಗೆ, ಯುಕ್ತಿಗೆ ಯುಕ್ತಿ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬ್ರಹ್ಮಸೂತ್ರಭಾಷ್ಯದಲ್ಲಿ ಶಂಕರಾಚಾರ್ಯರದು. ಒಂದೇ ಧರ್ಮಿಯಲ್ಲಿ ಏಕಕಾಲದಲ್ಲಿ ಇದೆ, ಇಲ್ಲ ಎಂಬ ವಿರುದ್ಧಧರ್ಮಗಳು ಕೂಡಲಾರವು, ಹಾಗೆ ಹೇಳುವ ಶಾಸ್ತ್ರದಿಂದ ನಿಶ್ಚಿತಜ್ಞಾನವೇ ಹುಟ್ಟದು ಎಂಬುದು ಅವರ ಆಕ್ಷೇಪದ ತಿರುಳು. ಅರಿಸ್ಟಾಟಲನು ವಿರೋಧದ ನಿಯಮವನ್ನು ಹೇಳುವಾಗ ಒಂದೇ ಧರ್ಮ ಒಂದೇ ವಸ್ತುವಿನಲ್ಲಿ ಒಂದೇ ಕಾಲದಲ್ಲಿ ‘ಒಂದೇ ಅಪೇಕ್ಷೆಯಿಂದ’ ಇರುವುದೂ ಇಲ್ಲದಿರುವುದೂ ಸಾಧ್ಯವಿಲ್ಲ ಎಂದು ಎಚ್ಚರಿಕೆಯಿಂದ ಹೇಳಿದ್ದಾನೆ. ‘ಸ್ಯಾತ್’ ಎಂಬ ಪದ ಆ ಅಪೇಕ್ಷೆಯನ್ನೇ ಸೂಚಿಸುವಂಥದು. ಸ್ವದ್ರವ್ಯ, ಸ್ವಕ್ಷೇತ್ರ, ಸ್ವಕಾಲ, ಸ್ವಭಾವದಿಂದ ಗಡಿಗೆ ಇದೆ, ಪರದ್ರವ್ಯಾದಿಗಳಿಂದ ಇಲ್ಲ. ಆದುದರಿಂದ ಸ್ಯಾದ್ವಾದ ಅರಿಸ್ಟಾಟಲನ ನಿಯಮವನ್ನು ಮುರಿಯುವುದಿಲ್ಲ, ಸಂದೇಹವಾದವೂ ಅಲ್ಲ. ಅಂದಮಾತ್ರಕ್ಕೆ ಐನ್‌ಸ್ಟೈನನ ಸಾಪೇಕ್ಷತಾವಾದ ಸ್ಯಾದ್ವಾದವನ್ನು ಸಿದ್ಧಪಡಿಸಿತೆಂದು ವೇದಿಕೆಗಳಲ್ಲಿ ಘೋಷಿಸುವುದು ಅನಾವಶ್ಯಕ. ಬೆಳಕಿನ ವೇಗವನ್ನೂ ಕಾಲದೇಶಗಳ ಅಳತೆಯನ್ನೂ ಕುರಿತ ಭೌತಶಾಸ್ತ್ರ ಒಂದು, ವಾಕ್ಯದ ಅರ್ಥವನ್ನು ಕುರಿತ ಶಾಸ್ತ್ರ ಇನ್ನೊಂದು. ಅಕಲಂಕರ ಶಾಸ್ತ್ರಕ್ಕೆ ಐನ್‌ಸ್ಟೈನನ ಪ್ರಶಸ್ತಿಪತ್ರ ಬೇಕಾಗಿಲ್ಲ.

ವಿದ್ವಾಂಸರ ಸಭೆಯಲ್ಲಿ ದರ್ಶನಭೇದ ವಾದವಾಗುತ್ತಿತ್ತು. ಊರಿನ ಬೀದಿಯಲ್ಲಿ ಅದೇ ಭೇದ ಕೆಲವೊಮ್ಮೆ ಕಲಹವಾಗುತ್ತಿತ್ತು. ಅಂಥ ಒಂದು ಕಲಹದ ದಾಖಲೆಯಲ್ಲಿ ಬೈರಮಂಗಲದ ನೆರೆಯ ಮಾಗಡಿ ಸೀಮೆಯ ಹೆಸರಿದೆ. ಕ್ರಿ. ಶ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ ಮತ್ತು ಕಲ್ಲೆಹದ ಪಟ್ಟಣ ಮೊದಲಾದ ನಾಡುಗಳ ಭವ್ಯಜನರು, ಶ್ರೀವೈಷ್ಣವ ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಈ ಕಲ್ಲೆಹವೇ ಮಾಗಡಿ ತಾಲ್ಲೂಕಿನ ಕಲ್ಯ. ಶ್ರೀರಂಗ, ತಿರುಮಲೆ, ಕಾಂಚಿ, ಮೇಲುಕೋಟೆಗಳ ಆಚಾರ್ಯರೂ ಸಮಸ್ತ ಸಮಯಗಳವರೂ ನೆರೆದ ಸಭೆಯಲ್ಲಿ ರಾಯನು ಜೈನರ ಕೈಹಿಡಿದು ವೈಷ್ಣವರ ಕೈಯಲ್ಲಿಟ್ಟು, ವೈಷ್ಣವದರ್ಶನಕ್ಕೂ ಜೈನದರ್ಶನಕ್ಕೂ ಭೇದವಿಲ್ಲವೆಂದು ಹೇಳಿದನೆಂದು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಜೈನದರ್ಶನಕ್ಕೆ ಪೂರ್ವಮರ್ಯಾದೆಯಂತೆ ಪಂಚಮಹಾವಾದ್ಯಗಳೂ ಕಳಶವೂ ಸಲ್ಲುವುವು. ಭಕ್ತರ ದೆಸೆಯಿಂದ ಅದಕ್ಕೆ ಹಾನಿಯೋ ವೃದ್ಧಿಯೋ ಆದರೆ ವೈಷ್ಣವರು ಅದನ್ನು ತಮ್ಮದೇ ಹಾನಿ, ತಮ್ಮದೇ ವೃದ್ಧಿಯೆಂದು ಭಾವಿಸತಕ್ಕದ್ದು ಎಂದು ನಿರ್ಣಯವಾಯಿತು. ಜೈನರ ಮನೆಯೊಂದಕ್ಕೆ ವರ್ಷಕ್ಕೊಂದು ಹಣದಂತೆ ಎತ್ತಿ, ಅದರಿಂದ ಬೆಳಗೊಳದ ರಕ್ಷಣೆಗೆ ಇಪ್ಪತ್ತು ಮಂದಿ ಕಾವಲುಗಾರರನ್ನು ತಿರುಮಲೆಯ ತಾತಯ್ಯನವರು ನಿಯಮಿಸುವುದು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸುವುದು ಎಂಬ ಏರ್ಪಾಡೂ ಆಯಿತು. ಶಾಸನವನ್ನು ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸಬೇಕೆಂಬ ಆಜ್ಞೆಗೆ ಅನುಗುಣವಾಗಿ ಕಲ್ಯದಲ್ಲಿಯೂ ಅದರ ಪ್ರತಿಯೊಂದನ್ನು ಕಲ್ಲಿನಲ್ಲಿ ಕೆತ್ತಿಸಲಾಯಿತು. ವೀರಶೈವ ಕವಿ ಪಾಲ್ಕುರಿಕೆ ಸೋಮನಾಥನು ಐಕ್ಯನಾದುದು ಈ ಕಲ್ಯದಲ್ಲಿಯೇ ಎಂದು ಪ್ರತೀತಿಯಿರುವುದರಿಂದ, ಆ ಊರು ಒಂದಕ್ಕಿಂತ ಹೆಚ್ಚು ಸಮಯಗಳ ನೆಲೆಯಾಗಿತ್ತೆಂದು ತಿಳಿಯುತ್ತದೆ.

ಈ ಶಾಸನದಲ್ಲಿ ‘ದರ್ಶನ’ಕ್ಕೆ ಐದನೆಯ ಅರ್ಥವೊಂದು ಬಂದಿದೆ. ಆ ಮತವನ್ನು ಅನುಸರಿಸುವ ಜನಸಮುದಾಯವೇ ಅಲ್ಲಿ ದರ್ಶನ. ತತ್ತ್ವದಲ್ಲಿ ಭೇದವಿಲ್ಲವೆಂದು ರಾಯನು ಹೇಳಿದ್ದರೆ ಅಕಲಂಕರೂ ಒಪ್ಪುತ್ತಿರಲಿಲ್ಲ, ರಾಮಾನುಜರೂ ಒಪ್ಪುತ್ತಿರಲಿಲ್ಲ. ಹಕ್ಕುಮರ್ಯಾದೆಗಳಲ್ಲಿ ಭೇದವಿಲ್ಲವೆಂಬುದು ಅವನ ತಾತ್ಪರ್ಯ. ಅದೇ ಹದಿನಾಲ್ಕನೆಯ ಶತಮಾನದ ವಿಜಯನಗರದಲ್ಲಿಯೇ ಮಾಧವಾಚಾರ್ಯರ ಹೆಸರಿನಿಂದ ಪ್ರಸಿದ್ಧವಾದ ಸರ್ವದರ್ಶನಸಂಗ್ರಹ ಹುಟ್ಟಿತು. ಚಾರ್ವಾಕದಿಂದ ತೊಡಗಿ ಹದಿನಾರು ದರ್ಶನಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುವ ಆ ಗ್ರಂಥದಲ್ಲಿ ಆರ್ಹತದರ್ಶನ ಮೂರನೆಯದು. ವೇದಾಂತಿಯಾದ ಗ್ರಂಥಕಾರನಿಗೆ ಅದು ಕೆಳಗಿನ ಮೆಟ್ಟಿಲೇ ಸರಿ. ಆದರೂ ಸಪ್ತಭಂಗಿಯನ್ನು ಅವನು ಜೈನಗ್ರಂಥಗಳ ಮಾತುಗಳಿಂದಲೇ ನಿರೂಪಿಸಿದ್ದಾನೆ.

ಪಶ್ಚಿಮದ ತತ್ತ್ವಶಾಸ್ತ್ರ ಕನ್ನಡ ನಾಡಿನಲ್ಲಿ ಕ್ರಮವಾದ ವ್ಯಾಸಂಗದ ವಿಷಯವಾದುದು ಕಾಲೇಜುಗಳ ಮೂಲಕ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಬಳಿಕ ಮಹಾರಾಜಾ ಕಾಲೇಜಿನಲ್ಲಿ ಎ. ಆರ್. ವಾಡಿಯಾ ಅವರು ಪಾಶ್ಚಾತ್ಯ ತತ್ತ್ವಶಾಸ್ತ್ರವನ್ನು ಬೋಧಿಸಿದರು, ಎಸ್. ರಾಧಾಕೃಷ್ಣನ್ ಅವರು 1918ರಿಂದ 1921ರವರೆಗೆ ಅಲ್ಲಿ ಪ್ರಾಧ್ಯಾಪಕರಾಗಿದ್ದರು. ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಗಾಡಿಯ ಕುದುರೆಗಳನ್ನು ಬಿಚ್ಚಿ ತಾವೇ ರೈಲುನಿಲ್ದಾಣದವರೆಗೆ ಎಳೆದುಕೊಂಡು ಹೋದ ಕಥೆ ಪ್ರಸಿದ್ಧವಾಗಿದೆ. ಅದೇ ಕಾಲೇಜಿನ ಎಂ. ಹಿರಿಯಣ್ಣ (1871–1950) ಅವರು 1932ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳನ್ನು ಕುರಿತ ಇಂಗ್ಲಿಷ್ ಗ್ರಂಥ ಇಂದಿಗೂ ಪಠ್ಯವಾಗಿ ಉಳಿದಿದೆ. ಮಿತಭಾಷಿಯಾದ ಆ ಮಹನೀಯರು ಜೈನದರ್ಶನಕ್ಕೆ ಒಂದು ಅಧ್ಯಾಯವನ್ನು ಮೀಸಲಿಟ್ಟು ಆದರದಿಂದ ವಿವರಿಸಿದ್ದಾರೆ. ಆದರೆ ಸಪ್ತಭಂಗಿ ಬೇರೆ ಬೇರೆ ದೃಷ್ಟಿಗಳನ್ನು ಒಟ್ಟಿಗಿಟ್ಟು ಅಲ್ಲಿಯೇ ನಿಂತುಬಿಡುತ್ತದೆ, ಅವುಗಳ ವಿರೋಧವನ್ನು ಮೀರಿದ ಸಮನ್ವಯಕ್ಕೆ ಏರುವುದಿಲ್ಲ ಎಂದು ಸ್ಪಷ್ಟವಾಗಿ ಆಕ್ಷೇಪಿಸಿಯೂ ಇದ್ದಾರೆ. ಈ ಮಾತು ಜೈನ ವಿದ್ವಾಂಸರಿಗೆ ಹಿತವಾಗಿರಲಾರದು. ಆದರೆ ಇಂಥ ಆಕ್ಷೇಪಗಳಿಗೆ ಉತ್ತರಿಸುವ ಕಾರ್ಯ ವಿದ್ವತ್ತಿನಿಂದಲೇ ನಡೆಯಿತು. ವೈ. ಜೆ. ಪದ್ಮರಾಜಯ್ಯನವರು 1963ರಲ್ಲಿ ಮುಂಬಯಿಯಿಂದ ಪ್ರಕಟವಾದ ತಮ್ಮ ತೌಲನಿಕ ಗ್ರಂಥದಲ್ಲಿ ದರ್ಶನಗಳನ್ನು ಭೇದ, ಅಭೇದ ಇವುಗಳಲ್ಲಿ ಯಾವುದಕ್ಕೆ ಪ್ರಾಧಾನ್ಯ ಕೊಡುತ್ತವೆಂಬ ದೃಷ್ಟಿಯಿಂದ ವಿಂಗಡಿಸಿ, ಎರಡನ್ನೂ ಸಮಾನವಾಗಿ ಮನ್ನಿಸುವುದೇ ಜೈನತತ್ತ್ವದ ವೈಶಿಷ್ಟ್ಯವೆಂದು ಸಾಧಿಸಿದರು. ಹಿರಿಯಣ್ಣನವರು ಅಪೂರ್ಣತೆಯೆಂದು ಕಂಡುದನ್ನೇ ಇವರು ಪೂರ್ಣತೆಯೆಂದು ಕಂಡರು. ಈ ವಾದ ಮುಗಿದಿಲ್ಲ.

ಇಷ್ಟೆಲ್ಲ ವಾದಿಗಳನ್ನು ಪಡೆದ ಸಮಾಜದಲ್ಲಿಯೇ ದರ್ಶನವೆಂಬ ಪದದ ಒಂದು ಅರ್ಥ ಉಳಿದ ಅರ್ಥಗಳನ್ನು ನುಂಗಿದ ಪ್ರಸಂಗವೂ ನಡೆದ
ಿದೆ. ಧರಸೇನಾಚಾರ್ಯರಿಂದ ಉಪದೇಶ ಪಡೆದ ಪುಷ್ಪದಂತ ಭೂತಬಲಿಗಳು ಷಟ್ಖಂಡಾಗಮವನ್ನು ಬರವಣಿಗೆಗೆ ಇಳಿಸಿದ ದಿನವನ್ನು ಜ್ಯೇಷ್ಠ ಶುಕ್ಲ ಪಂಚಮಿಯಂದು ಶ್ರುತಪಂಚಮಿಯಾಗಿ ಆಚರಿಸುತ್ತಾರೆ. ಆ ಆಗಮಕ್ಕೆ ವೀರಸೇನಾಚಾರ್ಯರು ಕ್ರಿ. ಶ. 816ರಲ್ಲಿ ಮುಗಿಸಿದ ಧವಲಾ ಟೀಕೆ 72,000 ಶ್ಲೋಕಪ್ರಮಾಣದ್ದು. ಅವರು ಆರಂಭಿಸಿ ಜಿನಸೇನರು 837ರಲ್ಲಿ ಮುಗಿಸಿದ ಜಯಧವಲಾ 60,000 ಶ್ಲೋಕಪ್ರಮಾಣದ್ದು. ಕಾಲಾಂತರದಲ್ಲಿ ಇವುಗಳ ಪುರಾತನ ತಾಳೆಗರಿಯ ಪ್ರತಿಗಳು ಮೂಡಬಿದಿರೆಯಲ್ಲಿ ಮಾತ್ರ ಉಳಿದುವು. ಪ್ರಾಕೃತಭಾಷೆ, ಹಳಗನ್ನಡ ಲಿಪಿ. ದೂರದೂರದಿಂದ ಬಂದ ಯಾತ್ರಿಕರು ಭಂಡಾರದ ರತ್ನಬಿಂಬಗಳ ಜೊತೆಗೆ ಈ ಗರಿಗಳ ಕಟ್ಟುಗಳನ್ನೂ ಕಂಡು ಕೈಮುಗಿದು ‘ಸಿದ್ಧಾಂತದರ್ಶನ’ವಾಯಿತೆಂದು ಧನ್ಯರಾಗುತ್ತಿದ್ದರು. ಓದಿದವರಿಲ್ಲ. ರಕ್ಷಿಸಿದವರ ಭಕ್ತಿಯನ್ನು ಹಳಿಯುವಂತಿಲ್ಲ, ಆ ಭಕ್ತಿಯಿಲ್ಲದಿದ್ದರೆ ಗೆದ್ದಲು ಉಳಿಸುತ್ತಿರಲಿಲ್ಲ. ಆದರೆ ಅಕಲಂಕರ ಪರಂಪರೆಯವರು ತಮ್ಮ ಮೂಲಾಗಮವನ್ನು ಕಣ್ಣಿನಿಂದ ಮಾತ್ರ ಕಾಣುತ್ತಿದ್ದರೆಂಬುದು ನಿಜ.

ಹತ್ತೊಂಬತ್ತನೆಯ ಶತಮಾನದ ಕಡೆಯಲ್ಲಿ ಮುಂಬಯಿಯ ಸೇಠ್ ಮಾಣಿಕಚಂದ್, ಸೊಲ್ಲಾಪುರದ ಸೇಠ್ ಹೀರಾಚಂದ್ ನೇಮಚಂದ್ ಮೊದಲಾದವರು ಯಾತ್ರೆಗೆ ಬಂದು ಗರಿಗಳು ಜೀರ್ಣವಾಗುತ್ತಿರುವುದನ್ನು ಕಂಡು ಕಳವಳಗೊಂಡರು. 1896ರ ಸುಮಾರಿಗೆ ಪ್ರತಿಮಾಡುವ ಕಾರ್ಯ ಆರಂಭವಾಯಿತು. ಶ್ರವಣಬೆಳಗೊಳದ ಬ್ರಹ್ಮಸೂರಿ ಶಾಸ್ತ್ರಿಗಳೂ ಗಜಪತಿ ಉಪಾಧ್ಯಾಯರೂ ಅದರಲ್ಲಿ ತೊಡಗಿದರು. ಮೂರು ಸಿದ್ಧಾಂತಗ್ರಂಥಗಳ ಪ್ರತಿ ಮುಗಿಯಲು ಎರಡು ದಶಕಗಳಿಗೂ ಮಿಕ್ಕಿ ಕಾಲ ಹಿಡಿಯಿತು. ಪ್ರತಿಗಳು ಮೂಡಬಿದಿರೆಯನ್ನು ಬಿಟ್ಟು ಹೊರಹೋಗಕೂಡದೆಂದು ಕಟ್ಟುಪಾಡಿತ್ತು. ಉಪಾಧ್ಯಾಯರು ಗುಟ್ಟಾಗಿ ಇನ್ನೊಂದು ಪ್ರತಿ ಮಾಡಿಕೊಂಡರು. ಅದು ಸಹಾರನಪುರವನ್ನು ಸೇರಿ, ಅಲ್ಲಿಂದ ನಾಗರಿ ಲಿಪಿಯ ಪ್ರತಿಗಳು ಹಲವು ಕಡೆ ಹರಡಿದುವು. ಕಟ್ಟುಪಾಡನ್ನು ಮೀರಿದುದು ಸರಿಯೇ ತಪ್ಪೇ ಎಂಬುದನ್ನು ನೀತಿಶಾಸ್ತ್ರದ ತರಗತಿಯಲ್ಲಿ ಚರ್ಚಿಸಬಹುದು. ಆ ಪ್ರತಿಗಳ ಆಧಾರದಿಂದ ಹೀರಾಲಾಲ್ ಜೈನರು ಸಹಾಯಕ ಪಂಡಿತರೊಡನೆ 1939ರಲ್ಲಿ ಅಮರಾವತಿಯಿಂದ ಧವಲೆಯ ಮೊದಲನೆಯ ಸಂಪುಟವನ್ನು ಮುದ್ರಿಸಿದರು. ಮುಂದಿನ ಸುಮಾರು ಇಪ್ಪತ್ತು ವರ್ಷಗಳಲ್ಲಿ ಹದಿನಾರು ಸಂಪುಟಗಳು ಹೊರಬಂದುವು.

ಆ ಮೊದಲನೆಯ ಸಂಪುಟದ 93ನೆಯ ಸೂತ್ರದಲ್ಲಿ ಒಂದು ತೊಡಕು ಬಂದಿತು. ಮನುಷ್ಯಿಣಿಯರ ಗುಣಸ್ಥಾನಗಳನ್ನು ಹೇಳುವ ಸೂತ್ರವದು. ಕೈಗೆ ಸಿಕ್ಕ ಪ್ರತಿಗಳಲ್ಲಿ ‘ಸಂಜದ’, ಅಂದರೆ ಸಂಯತ, ಎಂಬ ಪದವಿರಲಿಲ್ಲ. ಪೂರ್ವಾಪರ ಸಂಬಂಧವನ್ನು ನೋಡಿದರೆ ಆ ಪದ ಇಲ್ಲಿ ಇರಲೇಬೇಕೆಂದು ಸಂಪಾದಕರು ತರ್ಕಿಸಿ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಸ್ತ್ರೀಮುಕ್ತಿಯ ವಿಚಾರಕ್ಕೆ ತಗಲುವ ಪದವಾದುದರಿಂದ ಸಮಾಜದಲ್ಲಿ ದೊಡ್ಡ ವಿವಾದವೆದ್ದಿತು. ಪಂಡಿತರು ಎರಡು ಪಕ್ಷವಾದರು. ಮುಂದಿನ ಸಂಪುಟಗಳ ವೇಳೆಗೆ ಮೂಡಬಿದಿರೆಯ ಭಟ್ಟಾರಕರೂ ಪಂಚರೂ ಸಹಕಾರವಿತ್ತು ಮೂಲದ ತಾಳೆಗರಿಗಳನ್ನು ಪಾಠ ಹೋಲಿಕೆಗೆ ತೆರೆದರು. ಶತಮಾನಗಳಿಂದ ಜನ ಕೈಮುಗಿಯುತ್ತಿದ್ದ ಆ ಗರಿಯನ್ನು ತೆಗೆದು 93ನೆಯ ಸೂತ್ರವನ್ನು ಓದಿ ನೋಡಿದಾಗ, ಪದ ಅಲ್ಲಿ ಇತ್ತು.